ಕೇಳುವವರನ್ನು ಏನೂ ಕೇಳದ ಭಾಷಣಗಳು



ಕನ್ನಡದ ‘ಕೇಳು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಕಿವಿಗೊಡುವುದೂ ಕೇಳುವುದೇ, ಬೇಡುವುದೂ, ಪ್ರಶ್ನಿಸುವುದೂ ಕೇಳುವುದೇ. ರಾಜಕೀಯ ಪಕ್ಷಗಳ ಸಮಾವೇಶಗಳನ್ನು ದೂರದರ್ಶನದಲ್ಲಿ ನೋಡುವಾಗಲೆಲ್ಲ ಈ ಪದವೇ ನನ್ನ ಮನಸ್ಸಿಗೆ ಬರುತ್ತದೆ. ಅಲ್ಲಿ ಲಕ್ಷಾಂತರ ಜನರು ಕುಳಿತು ಕೇಳುತ್ತಾರೆ, ಆದರೆ ಅವರಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ವೇದಿಕೆಯ ಮೇಲಿರುವವರೂ ಆ ಜನರಿಂದ ಚಪ್ಪಾಳೆ ಮತ್ತು ಮತವನ್ನಲ್ಲದೆ ಬೇರೇನನ್ನೂ ಕೇಳುವುದಿಲ್ಲ. ಈ ಎರಡನೆಯ ಮೌನವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ. ತನ್ನವರಿಂದ ಏನನ್ನೂ ಕೇಳದ ನಾಯಕನು ಅವರನ್ನು ಗೌರವಿಸುತ್ತಿಲ್ಲ, ಬಳಸಿಕೊಳ್ಳುತ್ತಿದ್ದಾನೆ.

‘ಸ್ವಾಮಿಗಳಿಗೆ ರಾಜಕೀಯವೇಕೆ?’ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಗುರುಗಳಾದವರು ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ, ಅದು ಸರಿಯಾದದ್ದೇ. ಆದರೆ ನಾಗರಿಕನಾಗಿ ಕೇಳಿದ ಮಾತನ್ನು ತೂಗಿ ನೋಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಇಲ್ಲಿ ನಾನು ಯಾವ ಪಕ್ಷದ ಪರವೂ ನಿಲ್ಲುವುದಿಲ್ಲ. ನನ್ನ ತಕ್ಕಡಿಗೆ ಮೂರೂ ಪಕ್ಷಗಳು ಏರಲಿವೆ.

2025ರ ಜನವರಿ 21ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಪಕ್ಷವು ‘ಜೈ ಬಾಪು, ಜೈ ಭೀಮ್, ಜೈ ಸಂವಿಧಾನ’ ಎಂಬ ಹೆಸರಿನಲ್ಲಿ ಭಾರಿ ಸಮಾವೇಶ ನಡೆಸಿತು. 1924ರ ಡಿಸೆಂಬರ್ 26 ಮತ್ತು 27ರಂದು ಅದೇ ನಗರದಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಅಧಿವೇಶನದ ಶತಮಾನೋತ್ಸವವೇ ಅದರ ನಿಮಿತ್ತ. ಮೊದಲು 2024ರ ಡಿಸೆಂಬರ್ 27ಕ್ಕೆ ಗೊತ್ತಾಗಿದ್ದ ಸಭೆಯು ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ಅವರ ನಿಧನದಿಂದ ಮುಂದೂಡಲ್ಪಟ್ಟಿತ್ತು. ಸುವರ್ಣ ವಿಧಾನಸೌಧದ ಆವರಣದಲ್ಲಿ ಗಾಂಧಿ ಪ್ರತಿಮೆಯ ಅನಾವರಣವಾಯಿತು. ಮಲ್ಲಿಕಾರ್ಜುನ ಖರ್ಗೆಯವರು ಮಾತನಾಡಿದರು, ಪ್ರಿಯಾಂಕಾ ಗಾಂಧಿಯವರು ಮಾತನಾಡಿದರು. ಸಂವಿಧಾನಕ್ಕೆ ಬಂದಿರುವ ಕುತ್ತು, ಅಂಬೇಡ್ಕರ್ ಅವರಿಗಾದ ಅವಮಾನ, ಎದುರಾಳಿ ಪಕ್ಷದ ಅಪರಾಧಗಳು — ಭಾಷಣಗಳ ಸಾರ ಇಷ್ಟು. ಇವೆಲ್ಲ ಹೇಳಬೇಕಾದ ಮಾತುಗಳಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾರ ನೆನಪಿಗಾಗಿ ಸಭೆ ಸೇರಿತ್ತೋ ಆ ವ್ಯಕ್ತಿಯು ಅದೇ ಊರಿನಲ್ಲಿ ನೂರು ವರ್ಷಗಳ ಹಿಂದೆ ಮಾಡಿದ್ದೇನು ಎಂಬುದನ್ನು ಬಲ್ಲವರಿಗೆ ಆ ದಿನ ಏನೋ ಕೊರತೆ ಕಾಣದಿರದು.

ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಒಂದೇ ಒಂದು ಬಾರಿ, ಅದೂ ನಮ್ಮ ಬೆಳಗಾವಿಯಲ್ಲಿ. ‘ಕರ್ನಾಟಕ ಸಿಂಹ’ರೆನಿಸಿದ ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ವ್ಯವಸ್ಥೆ ಮಾಡಿದರು, ಡಾ. ನಾ. ಸು. ಹರ್ಡೀಕರ್ ಅವರ ಸೇವಾದಳದ ಸ್ವಯಂಸೇವಕರು ದುಡಿದರು. ಅಧಿವೇಶನದ ನಗರಕ್ಕೆ ವಿಜಯನಗರವೆಂದು ಹೆಸರಿಡಲಾಯಿತು. ನೀರಿಗಾಗಿ ಅಂದು ತೋಡಿದ ಬಾವಿ ‘ಕಾಂಗ್ರೆಸ್ ಬಾವಿ’ ಎಂಬ ಹೆಸರಿನಲ್ಲಿ ಇಂದಿಗೂ ಟಿಳಕವಾಡಿಯಲ್ಲಿದೆ. ದೇಶದ ಪರಿಸ್ಥಿತಿ ಆಗ ಚೆನ್ನಾಗಿರಲಿಲ್ಲ. ಅಸಹಕಾರ ಚಳವಳಿ ಸೊರಗಿತ್ತು, ಪಕ್ಷದಲ್ಲಿ ಎರಡು ಬಣಗಳಾಗಿದ್ದವು. ಕೋಹಾಟ್‌ನ ಕೋಮುಗಲಭೆಯ ನೋವಿನಲ್ಲಿ ಗಾಂಧೀಜಿ ಕೆಲವೇ ತಿಂಗಳ ಹಿಂದೆ ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದ್ದರು. ಬ್ರಿಟಿಷರನ್ನು ಬೈದು ಚಪ್ಪಾಳೆ ಗಿಟ್ಟಿಸಲು ಅದಕ್ಕಿಂತ ಒಳ್ಳೆಯ ಸಂದರ್ಭವಿರಲಿಲ್ಲ.

ಅವರು ಮಾಡಿದ್ದೇನು? ಪಕ್ಷದ ಸದಸ್ಯನಾಗಬೇಕೆನ್ನುವವನು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಆ ಅಧಿವೇಶನದಲ್ಲಿ ಅಂಗೀಕರಿಸುವಂತೆ ಮಾಡಿದರು. ನಾಲ್ಕಾಣೆ ಕೊಟ್ಟು ಸದಸ್ಯನಾಗುವ ಸುಲಭ ದಾರಿಯನ್ನು ಮುಚ್ಚಿದರು. ತಾನೇ ನೂಲಲಾಗದವನು ಅಷ್ಟೇ ನೂಲನ್ನು ಇನ್ನೊಬ್ಬರಿಂದ ನೂಲಿಸಿ ತರಬೇಕಿತ್ತು. ಅಸ್ಪೃಶ್ಯತೆ ನಮ್ಮದೇ ಪಾಪವೆಂದೂ ಹಿಂದೂ-ಮುಸ್ಲಿಂ ಐಕ್ಯವಿಲ್ಲದೆ ಸ್ವರಾಜ್ಯವಿಲ್ಲವೆಂದೂ ಅವರು ತಮ್ಮವರಿಗೇ ತಿಳಿಹೇಳುತ್ತಿದ್ದರು. ವಕೀಲರೂ ಜಮೀನುದಾರರೂ ಪಂಡಿತರೂ ತುಂಬಿದ್ದ ಸಭೆಯ ಮುಂದೆ ನಿಂತು, ‘ನಿಮ್ಮ ಕೈಯನ್ನು ಬಡವನ ಕೆಲಸಕ್ಕೆ ಹಚ್ಚಿ’ ಎನ್ನುವ ಅರ್ಥದ ನಿಯಮವನ್ನು ತರುವುದು ಸುಲಭದ ಮಾತಲ್ಲ. ಅದಕ್ಕೆ ಚಪ್ಪಾಳೆಗಿಂತ ಗೊಣಗಾಟವೇ ಹೆಚ್ಚು ಬರುವುದು ಸಹಜ.

ಈ ನಿಯಮ ಉಳಿಯಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಸಡಿಲಿಸಿ, ನೂಲು ಬೇಡವಾದವರು ಮತ್ತೆ ನಾಲ್ಕಾಣೆ ಕೊಡಬಹುದೆಂದಿತು. ‘ನೋಡಿ, ಗಾಂಧಿಯೇ ಸೋತರು’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಆ ಸೋಲು ಎಲ್ಲರಿಗೂ ಕಾಣುವಂಥದ್ದು, ಏಕೆಂದರೆ ನೂಲನ್ನು ಅಳೆಯಬಹುದು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಇಂದಿನ ಸಮಾವೇಶಗಳಿಗೆ ಸೋಲೆಂಬುದೇ ಇಲ್ಲ. ಅಲ್ಲಿ ಯಾರಿಗೂ ಯಾವ ಕೆಲಸವನ್ನೂ ಹಚ್ಚುವುದಿಲ್ಲವಾದ್ದರಿಂದ ಯಾರೂ ಯಾವುದರಲ್ಲೂ ತಪ್ಪುವುದಿಲ್ಲ. ಚಪ್ಪಾಳೆಯನ್ನು ಗಜಗೋಲಿನಿಂದ ಅಳೆದವರಿದ್ದಾರೆಯೇ?

ಈಗ ಇನ್ನೊಂದು ಪಕ್ಷದತ್ತ ಬರೋಣ. 2015ರ ಏಪ್ರಿಲ್ 3 ಮತ್ತು 4ರಂದು ಭಾರತೀಯ ಜನತಾ ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿ ನಮ್ಮ ಬೆಂಗಳೂರಿನಲ್ಲಿ ಸೇರಿತು. ಮೊದಲ ದಿನ ನಮಗೆಲ್ಲ ಶುಭ ಶುಕ್ರವಾರ. ದಿನಾಂಕದ ಬಗ್ಗೆ ನಾನು ಇಲ್ಲಿ ತಕರಾರು ತೆಗೆಯುವುದಿಲ್ಲ. ಅಲ್ಲಿ ಸಂಭ್ರಮಿಸಿದ ವಿಷಯದ ಬಗ್ಗೆ ನನ್ನ ತಕರಾರು. 2014ರ ನವೆಂಬರ್‌ನಿಂದ ನಡೆದ ಸದಸ್ಯತ್ವ ಅಭಿಯಾನದಲ್ಲಿ ಒಂದು ಉಚಿತ ದೂರವಾಣಿ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಸದಸ್ಯತ್ವ ಸಿಗುತ್ತಿತ್ತು. ಎಂಟು ಕೋಟಿಗೂ ಹೆಚ್ಚು ಜನ ಸೇರಿದ್ದಾರೆ, ನಮ್ಮದು ಜಗತ್ತಿನಲ್ಲೇ ಅತಿ ದೊಡ್ಡ ಪಕ್ಷ ಎಂದು ಪಕ್ಷವು ಹೆಮ್ಮೆಪಟ್ಟಿತು. ಬೆಳಗಾವಿಯಲ್ಲಿ ತಿಂಗಳಿಗೆ ಎರಡು ಸಾವಿರ ಗಜ ನೂಲು, ಬೆಂಗಳೂರಿನಲ್ಲಿ ಉತ್ತರಿಸದೆ ಬಿಟ್ಟ ಒಂದು ಕರೆ! ತೊಂಬತ್ತು ವರ್ಷಗಳಲ್ಲಿ ರಾಜಕೀಯ ಸದಸ್ಯತ್ವದ ಬೆಲೆ ಎಷ್ಟು ಇಳಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಕಾಂಗ್ರೆಸ್ಸಿಗರು ಇಲ್ಲಿ ನಗುವಂತಿಲ್ಲ. 2022ರ ಹೊತ್ತಿಗೆ ಅವರೂ ಮೊಬೈಲ್ ಆಪ್‌ನಲ್ಲಿ ಸದಸ್ಯರನ್ನು ನೋಂದಾಯಿಸಿ ಸಂಖ್ಯೆಯ ಬಗ್ಗೆ ಬೀಗುತ್ತಿದ್ದರು.

ಅದೇ 2015ರ ಸಭೆಯಲ್ಲಿ ಮತ್ತೊಂದು ಸಂಗತಿ ನಡೆಯಿತು. ಪಕ್ಷವನ್ನು ಕಟ್ಟಿದ ಹಿರಿಯರಾದ ಲಾಲ್‌ಕೃಷ್ಣ ಅಡ್ವಾಣಿಯವರು ವೇದಿಕೆಯಲ್ಲಿದ್ದರೂ ಮಾತನಾಡಲಿಲ್ಲ. ಆಡಿದ ಭಾಷಣಗಳಿಗಿಂತ ಆಡದ ಆ ಒಂದು ಭಾಷಣವೇ ಮರುದಿನದ ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾಯಿತು. ಭಿನ್ನಮತದ ಮಾತು ಬರಬಹುದಾದ ಬಾಯಿಗಳು ಸುಮ್ಮನಿರುವುದೇ ಇಂದು ಸಮಾವೇಶದ ಶಿಸ್ತು. 2025ರ ಜನವರಿಯಲ್ಲಿ ರಾಜ್ಯದ ಮುಖ್ಯಮಂತ್ರಿ ಸ್ಥಾನದ ಪೈಪೋಟಿಯ ಕುರಿತು ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು, ಔತಣಕೂಟಗಳೂ ಸುದ್ದಿಯಾಗುತ್ತಿದ್ದವು. ಬೆಳಗಾವಿಯ ವೇದಿಕೆಯಲ್ಲಿ ಮಾತ್ರ ಎಲ್ಲರ ಕೈಗಳೂ ಒಟ್ಟಾಗಿ ಮೇಲೆದ್ದಿದ್ದವು.

ಹಿಂದೆ ಹೀಗಿರಲಿಲ್ಲ. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಅಧ್ಯಕ್ಷರಾಗಿದ್ದವರು ನಮ್ಮ ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರು ಬ್ಯಾಂಕುಗಳ ಕುರಿತ ತಮ್ಮ ಆಲೋಚನೆಗಳ ಟಿಪ್ಪಣಿಯನ್ನು ಮೊದಲೇ ಕಳುಹಿಸಿದ್ದರು. ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆಯಲ್ಲಿ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿಯೇ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಒಂದೇ ವಾರದಲ್ಲಿ, ಜುಲೈ 19ರಂದು, 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ವರ್ಷಾಂತ್ಯದೊಳಗೆ ಪಕ್ಷವೇ ಒಡೆಯಿತು. ಅಲ್ಲಿ ಎಲ್ಲರ ಉದ್ದೇಶಗಳೂ ನಿರ್ಮಲವಾಗಿದ್ದವೆಂದು ನಾನು ನಂಬುವುದಿಲ್ಲ. ಆದರೆ ಪ್ರಧಾನಿಯೆದುರಿಗೆ ಕೈಯೆತ್ತಿ ‘ಇಲ್ಲ’ ಎನ್ನುವ ಪಕ್ಷದ ಸಭೆಯೊಂದು ನಮ್ಮ ಊರಿನಲ್ಲೇ ನಡೆದಿತ್ತು. ಇಂದು ಯಾವ ಪಕ್ಷದಲ್ಲಿ ಅದನ್ನು ಕಾಣುತ್ತೀರಿ?

ಪ್ರಾದೇಶಿಕ ಪಕ್ಷವಾದರೂ ಬೇರೆಯಾಗಿದೆಯೇ? 1988ರ ಅಕ್ಟೋಬರ್ 11ರಂದು, ಜಯಪ್ರಕಾಶ ನಾರಾಯಣರ ಜನ್ಮದಿನದಂದು, ಹಲವು ಪಕ್ಷಗಳು ಬೆಂಗಳೂರಿನಲ್ಲೇ ಒಂದಾಗಿ ಜನತಾ ದಳ ಹುಟ್ಟಿತು. ಅಂದಿನ ಮಾತೆಲ್ಲ ಐಕ್ಯದ್ದೇ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಆ ದಳವು ಎಷ್ಟು ಹೋಳಾಯಿತೆಂಬುದನ್ನು ನೀವು ಬಲ್ಲಿರಿ. ಅದರಲ್ಲೊಂದು ಹೋಳೇ ಇಂದಿನ ಜಾತ್ಯತೀತ ಜನತಾ ದಳ. 2022ರ ಮೇ 13ರಂದು ಅದು ನೆಲಮಂಗಲದ ಬಳಿ ‘ಜನತಾ ಜಲಧಾರೆ’ಯ ಸಮಾರೋಪ ನಡೆಸಿತು. ಎರಡೂ ರಾಷ್ಟ್ರೀಯ ಪಕ್ಷಗಳು ಕನ್ನಡ ನಾಡಿನ ನೀರಿಗೆ ದ್ರೋಹ ಬಗೆದಿವೆ ಎಂಬುದು ಆ ಅಭಿಯಾನದ ಉಸಿರಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದೇ ಪಕ್ಷವು ಆ ಎರಡರಲ್ಲಿ ಒಂದರೊಡನೆ ಮೈತ್ರಿ ಮಾಡಿಕೊಂಡಿತು. ಬಿಸಿಲಲ್ಲಿ ಕುಳಿತು ಕೇಳಿದ ರೈತನನ್ನು ಯಾರಾದರೂ ಮತ್ತೆ ಕರೆದು, ‘ನಿನ್ನ ಅಭಿಪ್ರಾಯವೇನಪ್ಪಾ?’ ಎಂದು ಕೇಳಿದರೇ?

ಇನ್ನು ನಮ್ಮ ಎಲೆಕ್ಟ್ರಾನಿಕ್ ಸಿಟಿಗೆ ಬನ್ನಿ. ದೊಡ್ಡತೋಗೂರು, ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರಗಳ ಕುಟುಂಬಗಳು ಈ ಭಾಷಣಗಳನ್ನು ನೋಡುವುದು ಹೆಚ್ಚಾಗಿ ರಾತ್ರಿಯ ಊಟದ ಹೊತ್ತಿನಲ್ಲಿ. ಕ್ರೇನಿನಿಂದ ಎತ್ತಿ ಹಾಕುವ ಸೇಬಿನ ಹಾರ, ನಾಯಕರ ಕಟೌಟು, ಎದುರಾಳಿಗೆ ಕೊಟ್ಟ ಒಂದು ಚುಚ್ಚುಮಾತು. ಅಷ್ಟನ್ನು ನೋಡಿ, ನಮ್ಮ ಪಕ್ಷದವರಾದರೆ ‘ಚೆನ್ನಾಗಿ ಕೊಟ್ಟರು’ ಎನ್ನುತ್ತೇವೆ, ಅಲ್ಲದಿದ್ದರೆ ವಾಹಿನಿ ಬದಲಿಸುತ್ತೇವೆ. ಆ ಭಾಷಣಕ್ಕೂ ನಾಳೆ ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗಾಗಿ ರಸ್ತೆಬದಿಯಲ್ಲಿ ಕಾಯಬೇಕಾದ ನಮ್ಮ ಮಗಳಿಗೂ ಏನು ಸಂಬಂಧ ಎಂದು ಯೋಚಿಸುವುದಿಲ್ಲ.

2025ರ ಆಗಸ್ಟ್ 10ರಂದು ಭಾಷಣವು ನಮ್ಮ ಮನೆಬಾಗಿಲಿಗೇ ಬಂದಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರಿನ ಹಳದಿ ಮೆಟ್ರೋ ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿ, ಎಲೆಕ್ಟ್ರಾನಿಕ್ ಸಿಟಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಭಾಂಗಣದಲ್ಲಿ ಮಾತನಾಡಿದರು. ವೇದಿಕೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಇದ್ದರು. ಅದು ಪಕ್ಷದ ಸಭೆಯಲ್ಲ, ಸರ್ಕಾರಿ ಸಮಾರಂಭ. ಆದರೂ ಹಣ ಯಾರದು, ಶ್ರಮ ಯಾರದು ಎಂಬ ವಾದ ಆ ದಿನದ ಸುತ್ತ ಪಕ್ಷಗಳ ನಡುವೆ ಜೋರಾಗಿಯೇ ನಡೆಯಿತು. ಎರಡನೇ ಹಂತದ ಈ ಯೋಜನೆಗೆ ಕೇಂದ್ರದ ಒಪ್ಪಿಗೆ ದೊರೆತದ್ದು 2014ರ ಆರಂಭದಲ್ಲಿ. ಅಲ್ಲಿಂದ ರೈಲು ಓಡುವವರೆಗೆ ಹನ್ನೊಂದು ವರ್ಷ ದಾಟಿತು. ಆ ಅವಧಿಯಲ್ಲಿ ಮೂರೂ ಪಕ್ಷಗಳ ಮುಖ್ಯಮಂತ್ರಿಗಳು ಆಳಿದರು. ಮರುದಿನ ಸೇವೆ ಆರಂಭವಾದಾಗ ಇದ್ದದ್ದು ಮೂರೇ ರೈಲುಗಳು, ಒಂದಾದ ಮೇಲೊಂದಕ್ಕೆ 25 ನಿಮಿಷಗಳ ಕಾಯುವಿಕೆ. ರೈಲುಗಳು ಬಂದಂತೆ ಅಂತರ ಮುಂದೆ ಕಡಿಮೆಯಾಯಿತು, ನಿಜ. ಆದರೆ ಶ್ರೇಯಸ್ಸಿಗೆ ಅಷ್ಟೊಂದು ಹಕ್ಕುದಾರರಿದ್ದ ಆ ದಿನ, ವಿಳಂಬಕ್ಕೆ ಹಕ್ಕುದಾರನಾಗಿ ಮುಂದೆ ಬಂದವನೊಬ್ಬನೂ ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಕಥೋಲಿಕ ಮನೆಗಳಲ್ಲಿ ಆತ್ಮಪರಿಶೋಧನೆ ಎಂಬ ಮಾತು ಮಕ್ಕಳಿಗೂ ಗೊತ್ತು. ಬೇರೆಯವನ ತಪ್ಪುಗಳ ಪಟ್ಟಿ ಮಾಡುವುದು ಆತ್ಮಪರಿಶೋಧನೆಯಲ್ಲವೆಂದು ಧರ್ಮೋಪದೇಶದ ತರಗತಿಯ ಮಗುವೂ ಹೇಳೀತು. ಇದೇ ಅಳತೆಗೋಲನ್ನು ಸಮಾವೇಶದ ಭಾಷಣಕ್ಕೆ ಹಿಡಿಯಿರಿ. ಒಬ್ಬರು 1975ರ ತುರ್ತುಪರಿಸ್ಥಿತಿಯನ್ನು ನೆನಪಿಸಿ ಪ್ರಜಾಪ್ರಭುತ್ವದ ಹತ್ಯೆಯೆನ್ನುತ್ತಾರೆ. ಇನ್ನೊಬ್ಬರು ಸಂವಿಧಾನದ ಪ್ರತಿಯನ್ನು ಎತ್ತಿ ಹಿಡಿದು ಪ್ರಜಾಪ್ರಭುತ್ವ ಅಪಾಯದಲ್ಲಿದೆಯೆನ್ನುತ್ತಾರೆ. ಆದರೆ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ, ಐದು ವರ್ಷಗಳ ಕಾಲ, ಚುನಾವಣೆಯೇ ನಡೆಯಲಿಲ್ಲ. ಅಷ್ಟೂ ಕಾಲ ನಗರವನ್ನು ಅಧಿಕಾರಿಗಳೇ ಆಳಿದರು. ಆ ಐದು ವರ್ಷಗಳ ಮೊದಲರ್ಧದಲ್ಲಿ ತುರ್ತುಪರಿಸ್ಥಿತಿಯನ್ನು ನೆನಪಿಸುವವರ ಸರ್ಕಾರವಿತ್ತು, ಉಳಿದರ್ಧದಲ್ಲಿ ಸಂವಿಧಾನವನ್ನು ಎತ್ತಿಹಿಡಿಯುವವರ ಸರ್ಕಾರ. ನಗರಪಾಲಿಕೆಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಯಬೇಕೆಂದು ಹೇಳುವುದೂ ಅದೇ ಸಂವಿಧಾನ, ಅದರ 74ನೇ ತಿದ್ದುಪಡಿ. ನಾನು ಕೇಳಿದ ಯಾವ ಸಮಾವೇಶದ ಭಾಷಣದಲ್ಲೂ ಈ ತಪ್ಪನ್ನು ‘ನಮ್ಮದು’ ಎಂದವರಿಲ್ಲ.

‘ಸ್ವಾಮಿ, ಸಮಾವೇಶವೆಂದರೆ ಕಾರ್ಯಕರ್ತರಿಗೆ ಹುರುಪು ತುಂಬುವ ಜಾಗ, ಅಲ್ಲಿ ಲೆಕ್ಕಪತ್ರ ಒಪ್ಪಿಸಲಾಗುತ್ತದೆಯೇ?’ ಎಂದು ಪಕ್ಷದ ಒಡನಾಟವಿರುವವರು ಹೇಳಬಹುದು. ಹುರುಪು ಬೇಡವೆಂದು ಹೇಳಿದವರಾರು? ಆದರೆ ಯಾವ ಕೆಲಸಕ್ಕಾಗಿ ಈ ಹುರುಪು? ಭಾಷಣ ಮುಗಿದ ಮೇಲೆ ಕಾರ್ಯಕರ್ತನ ಕೈಗೆ ಯಾವ ಕೆಲಸವೂ ಸಿಗದಿದ್ದರೆ, ಆ ಬಿಸಿ ಎಲ್ಲಿಗೆ ಹೋಗಬೇಕು? ಅದು ನೆರೆಮನೆಯವನ ಮೇಲೆ, ಬೇರೆ ಜಾತಿಯವನ ಮೇಲೆ, ಬೇರೆ ಭಾಷೆಯವನ ಮೇಲೆ, ಬೇರೆ ಧರ್ಮದವನ ಮೇಲೆ ಹರಿಯುತ್ತದೆ. ಕೆಲಸ ಕೊಡದೆ ಕೋಪ ಮಾತ್ರ ಕೊಟ್ಟು ಕಳುಹಿಸುವುದು ಒಲೆಯಿಲ್ಲದ ಮನೆಯಲ್ಲಿ ಬೆಂಕಿ ಹಚ್ಚಿದಂತೆ. ಬಹುಭಾಷಿಕರೂ ವಲಸೆ ಬಂದವರೂ ಒಂದೇ ಓಣಿಯಲ್ಲಿ ಬದುಕುವ ನಮ್ಮಂಥ ಪ್ರದೇಶಕ್ಕೆ ಆ ಬೆಂಕಿಯ ಬಿಸಿ ಮೊದಲು ತಟ್ಟುತ್ತದೆ.

ಭಾಷಣವೇ ಇಲ್ಲದೆಯೂ ಜನರು ಸರ್ಕಾರವನ್ನು ಪ್ರಶ್ನಿಸಬಲ್ಲರು ಎಂಬುದನ್ನು ನಮ್ಮ ಹೊಸೂರು ರಸ್ತೆಯೇ ಕಂಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಅವರಿಗೆ ವೇದಿಕೆಯಿರಲಿಲ್ಲ, ದೊಡ್ಡ ನಾಯಕರಿರಲಿಲ್ಲ, ಯಾವ ಪಕ್ಷದ ಧ್ವಜವೂ ಇರಲಿಲ್ಲ. ಮರುದಿನ ಹೆಬ್ಬಗೋಡಿಯಲ್ಲೂ ಬೇರೆಡೆಯಲ್ಲೂ ಕಲ್ಲು ತೂರಾಟ ನಡೆದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಯಾರೂ ಸಮರ್ಥಿಸಲಾಗದು. ಆದರೆ ಆ ಹೆಣ್ಣುಮಕ್ಕಳ ಪ್ರಶ್ನೆ ಸ್ಪಷ್ಟವಾಗಿತ್ತು: ‘ನಮ್ಮ ದುಡಿಮೆಯ ಹಣ ನಮ್ಮ ಕಷ್ಟಕ್ಕೆ ಏಕಿಲ್ಲ?’ ಏಪ್ರಿಲ್ 19ರಂದೇ ಕೇಂದ್ರ ಕಾರ್ಮಿಕ ಸಚಿವರು ನಿಯಮವನ್ನು ಹಿಂತೆಗೆದುಕೊಂಡರು. ಎಷ್ಟೋ ಸಮಾವೇಶಗಳು ಮಾಡಲಾಗದ್ದನ್ನು, ಕೇಳಬೇಕಾದದ್ದನ್ನು ಕೇಳಿದ ಹೆಣ್ಣುಮಕ್ಕಳು ಎರಡೇ ದಿನಗಳಲ್ಲಿ ಮಾಡಿದರು.

ಆದ್ದರಿಂದ, ಓದುಗರೇ, ದೂಷಣೆಯನ್ನೆಲ್ಲ ವೇದಿಕೆಯ ಮೇಲೇ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳ ಮತದಾನವು ಶೇ. 55ನ್ನೂ ಮುಟ್ಟಲಿಲ್ಲ. ಏನನ್ನೂ ಕೇಳದ ಭಾಷಣಗಳು ನಮಗೆ ಹಿತವೆನಿಸುವುದು ಅವು ನಮ್ಮನ್ನು ಸೋಫಾದಿಂದ ಏಳಿಸುವುದಿಲ್ಲವಾದ್ದರಿಂದ. ಕೆಲಸ ಹೇಳುವ ನಾಯಕನಿಗಿಂತ ಶತ್ರುವನ್ನು ತೋರಿಸುವ ನಾಯಕನನ್ನು ನಾವು ಮೆಚ್ಚುವವರೆಗೆ, ಅಂಥವರೇ ನಮಗೆ ದೊರೆಯುತ್ತಾರೆ.

ಮುಂದಿನ ಸಮಾವೇಶ ನಿಮ್ಮ ಮನೆಯ ಪರದೆಯ ಮೇಲೆ ಬಂದಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಒಂದು ಹಾಳೆ, ಒಂದು ಪೆನ್ನು ಸಾಕು. ಭಾಷಣಕಾರರು ತಮ್ಮ ಪಕ್ಷದ ಒಂದಾದರೂ ತಪ್ಪನ್ನು ಹೆಸರಿಸಿದರೇ? ನಾವು ಮುಂದೆ ಪರಿಶೀಲಿಸಬಹುದಾದ ದಿನಾಂಕವನ್ನೋ ಮೊತ್ತವನ್ನೋ ಹೇಳಿದರೇ? ತಮ್ಮ ಬೆಂಬಲಿಗರಿಗೆ ಕಷ್ಟವೆನಿಸುವ ಒಂದು ಕೆಲಸವನ್ನು ಹಚ್ಚಿದರೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿರಿ. ನೀವು ಮೆಚ್ಚುವ ಪಕ್ಷದ ಭಾಷಣಕ್ಕೆ ಇನ್ನೂ ಬಿಗಿಯಾಗಿ ಅಂಕ ಕೊಡಿರಿ. ಬಳಿಕ ಆ ಹಾಳೆಯನ್ನು ಮಡಿಸಿ ಎತ್ತಿಡಿರಿ. ಮತ ಕೇಳಲು ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ ಕೈಮುಗಿದು ಒಳಗೆ ಕರೆದು, ಕುಡಿಯಲು ನೀರು ಕೊಟ್ಟು, ಅದನ್ನು ಅವರ ಮುಂದೆ ಬಿಡಿಸಿರಿ. ಅಷ್ಟು ಹೊತ್ತು ಅವರು ಕೇಳಲಿ.